ಸಂಗೀತದ ಪ್ರವೇಶ ಪರೀಕ್ಷೆಗೆ ಮನೆಯಲ್ಲಿಯೇ ಧ್ವನಿಮುದ್ರಣ

ರೇಡಿಯೋ ಇರುವ ಮನೆಯಲ್ಲಿ ಹಾಡುವ ಮಕ್ಕಳಿರುವುದು ಆಶ್ಚರ್ಯವೇನಲ್ಲ. ಕೇಳುತ್ತ ಕೇಳುತ್ತ ಕಿವಿ ಪಳಗುತ್ತದೆ. ಕಿವಿ ಪಳಗಿದ ಮೇಲೆ ಕಂಠ ಸುಮ್ಮನಿರಲಾರದು. ಹೀಗೆ ಹಾಡತೊಡಗಿದ ಹುಡುಗನೋ ಹುಡುಗಿಯೋ ಪಿಯುಸಿ ಮುಗಿಸಿ, ಸಂಗೀತವನ್ನೇ ವ್ಯಾಸಂಗಕ್ಕೆ ಆರಿಸಿಕೊಳ್ಳುತ್ತೇನೆಂದು ಹೇಳಿದಾಗ ಮನೆಯವರ ಮುಂದೆ ಈಚೆಗೆ ಹೊಸದೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಕೆಲವು ವಿದ್ಯಾಸಂಸ್ಥೆಗಳೂ ವಿದ್ಯಾರ್ಥಿವೇತನದ ಸಮಿತಿಗಳೂ ಅರ್ಜಿಯ ಜೊತೆಗೆ ಹತ್ತು ನಿಮಿಷದ ಹಾಡಿಕೆಯನ್ನು ಮುದ್ರಿಸಿ ಕಳುಹಿಸಬೇಕೆಂದು ಕೇಳುತ್ತವೆ. ಅಮೆರಿಕದ ಅನೇಕ ಸಂಗೀತ ಶಾಲೆಗಳಲ್ಲಿ ಮೊದಲ ಸುತ್ತಿನ ಆಯ್ಕೆ ನಡೆಯುವುದೇ ಇಂಥ ಮುದ್ರಣಗಳಿಂದ; ಅದರಲ್ಲಿ ಗೆದ್ದವರನ್ನು ಮಾತ್ರ ಎದುರಿಗೆ ಕರೆಯುತ್ತಾರೆ. ನಮ್ಮಲ್ಲಿ 2020ರ ಕೋವಿಡ್ ಕಾಲದಲ್ಲಿ ಪ್ರಯಾಣವೇ ನಿಂತಾಗ ಈ ಪದ್ಧತಿ ಹೆಚ್ಚು ಬಳಕೆಗೆ ಬಂತು.

ಕಲಬುರಗಿಯ ಕಡೆಯವರಿಗೆ ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಇಲ್ಲಿಂದ ಬೆಂಗಳೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿರುವ ಮೈಸೂರು ಅದಕ್ಕೂ ಆಚೆ. ಕಮಲಾಪುರದಲ್ಲಿ ಬಾಳೆಯ ತೋಟ ನೋಡಿಕೊಂಡಿರುವ ತಂದೆ, ಮಗಳ ಹತ್ತು ನಿಮಿಷದ ಹಾಡಿಗಾಗಿ ತಂಬೂರಿ, ತಬಲಾ, ತಬಲಜಿ ಎಲ್ಲವನ್ನೂ ಕಟ್ಟಿಕೊಂಡು ಅಷ್ಟು ದೂರ ಹೋಗಿಬರಬೇಕೆಂದರೆ ಖರ್ಚೆಷ್ಟು, ಕೆಟ್ಟುಹೋಗುವ ದಿನಗಳೆಷ್ಟು ಎಂಬುದನ್ನು ನೀವೇ ಎಣಿಸಿ ನೋಡಿರಿ. ಮನೆಯಲ್ಲಿಯೇ ಹಾಡಿ ಕಳುಹಿಸಬಹುದಾದರೆ ಬೆಂಗಳೂರಿನ ಮಗುವಿಗೂ ಕಮಲಾಪುರದ ಮಗುವಿಗೂ ಅಂತರ ಉಳಿಯುವುದಿಲ್ಲ.

ಆದರೆ ಇದರಲ್ಲಿಯೇ ಒಂದು ಅಪಾಯವೂ ಅಡಗಿದೆ. ಎದುರಿಗೆ ಕುಳಿತು ಹಾಡುವಾಗ ಪರೀಕ್ಷಕರು ಹಾಡುವವರನ್ನು ನೋಡುತ್ತಾರೆ. ಫ್ಯಾನಿನ ಸದ್ದನ್ನು ಅವರ ಕಿವಿ ತಾನಾಗಿಯೇ ಬದಿಗೆ ಸರಿಸುತ್ತದೆ. ಕೆಮ್ಮು ಬಂದರೆ ಇನ್ನೊಮ್ಮೆ ಹಾಡಮ್ಮ ಎನ್ನುತ್ತಾರೆ. ಮುದ್ರಣಕ್ಕೆ ಈ ದಾಕ್ಷಿಣ್ಯವಿಲ್ಲ. ಅದು ತನ್ನೊಳಗೆ ಬಿದ್ದುದನ್ನಷ್ಟೇ ಒಪ್ಪಿಸುತ್ತದೆ. ಒಳ್ಳೆಯ ಕಂಠ ಕೆಟ್ಟ ಮುದ್ರಣದಲ್ಲಿ ಸಿಕ್ಕಿಕೊಂಡರೆ, ಕೇಳುವವರು ಕಂಠವನ್ನೇ ಕೆಟ್ಟದ್ದೆಂದು ತಿಳಿಯುತ್ತಾರೆ. ಆದ್ದರಿಂದ ಮನೆಯಲ್ಲಿಯೇ ಒಪ್ಪುವಂಥ ಮುದ್ರಣವನ್ನು ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಇದಕ್ಕೆ ಬೆಲೆಬಾಳುವ ಸಲಕರಣೆಗಳು ಬೇಕಿಲ್ಲ. ಸಾಧಾರಣವಾದ ಒಂದು ಮೊಬೈಲ್ ಫೋನು, ನಾಲ್ಕು ಕೌದಿ, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಮೊದಲಿಗೆ ಒಂದು ಮಾತು. ಕಾಣದೆ ಕೇಳಿ ನಿರ್ಣಯಿಸುವ ಪದ್ಧತಿ ನಮ್ಮ ಬಾನುಲಿಗೆ ಹೊಸದಲ್ಲ. ಬಿ. ವಿ. ಕೇಸ್ಕರ್ ಅವರು 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಮೇಲೆ ಆಕಾಶವಾಣಿಯ ಕಲಾವಿದರಿಗೆಲ್ಲ ಶ್ರವಣ ಪರೀಕ್ಷೆಯನ್ನು ಏರ್ಪಡಿಸಿದರು. ಹಾಡುವವರು ಒಂದು ಕೋಣೆಯಲ್ಲಿ, ಕೇಳುವವರು ಇನ್ನೊಂದರಲ್ಲಿ. ಹೆಸರು, ಮನೆತನ, ಗುರುವಿನ ಕೀರ್ತಿ ಯಾವುದೂ ನಿರ್ಣಯಕ್ಕೆ ಅಡ್ಡ ಬರಬಾರದೆಂಬುದು ಅದರ ಉದ್ದೇಶ. ದೊಡ್ಡ ಕಲಾವಿದರಲ್ಲಿ ಕೆಲವರು ಇದನ್ನು ಅವಮಾನವೆಂದು ಭಾವಿಸಿ ಪ್ರತಿಭಟಿಸಿದ್ದೂ ಉಂಟು. ಆದರೂ ಪದ್ಧತಿ ಉಳಿಯಿತು. ಕಲಬುರಗಿಯ ನಿಲಯ 1966ರಲ್ಲಿ ಆರಂಭವಾದ ಮೇಲೆ ಈ ಭಾಗದ ಗಾಯಕರಿಗೂ ಹತ್ತಿರದಲ್ಲಿಯೇ ಒಂದು ಸ್ಟುಡಿಯೋ ದೊರೆಯಿತು. ಶಾಸ್ತ್ರೀಯ ಸಂಗೀತದಲ್ಲಿ ಮೇಲಿನ ಶ್ರೇಣಿಗೆ ಏರಬಯಸುವವರ ಹಾಡಿಕೆಯನ್ನು ನಿಲಯದಲ್ಲಿ ಮುದ್ರಿಸಿ ದೆಹಲಿಯ ಮಂಡಳಿಗೆ ಕಳುಹಿಸುವ ಕ್ರಮ ನಡೆದುಬಂತು. ಅಲ್ಲಿ ಕೇಳುವವರಿಗೆ ತಿಳಿಯುವುದು ದನಿಯೊಂದೇ. ನಿಮ್ಮ ಮನೆಯ ಮಗು ಇಂದು ಎದುರಿಸುತ್ತಿರುವುದೂ ಅಂಥದೇ ಪರೀಕ್ಷೆ. ವ್ಯತ್ಯಾಸವೆಂದರೆ, ಅಲ್ಲಿ ಸ್ಟುಡಿಯೋ ಇತ್ತು, ಇಂಜಿನಿಯರರಿದ್ದರು. ಇಲ್ಲಿ ಎರಡು ಕೆಲಸವೂ ನಿಮ್ಮದೇ.

ಸ್ಟುಡಿಯೋ ಎಂದರೆ ಏನು? ಹೊರಗಿನ ಸದ್ದು ಒಳಗೆ ಬಾರದ, ಒಳಗಿನ ಸದ್ದು ಗೋಡೆಗೆ ಬಡಿದು ಹಿಂದಿರುಗದ ಕೋಣೆ. ಅಷ್ಟೇ. ವಿಜಯಪುರದ ಗೋಳಗುಮ್ಮಟಕ್ಕೆ ಹೋಗಿಬಂದವರಿಗೆ, ನುಣುಪಾದ ಗೋಡೆ ಒಂದು ಪಿಸುಮಾತನ್ನು ಎಷ್ಟು ದೂರ ಒಯ್ಯುತ್ತದೆ, ಎಷ್ಟು ಸಾರಿ ಹಿಂದಿರುಗಿಸುತ್ತದೆ ಎಂಬುದು ಗೊತ್ತು. ನಮ್ಮ ಮನೆಗಳ ಪಡಸಾಲೆಯೂ ಸಣ್ಣ ಪ್ರಮಾಣದಲ್ಲಿ ಅದೇ ಕೆಲಸ ಮಾಡುತ್ತದೆ. ಕೆಳಗೆ ಶಹಾಬಾದಿನ ಪರಸಿ, ಮೇಲೆ ಸಿಮೆಂಟಿನ ಛಾವಣಿ, ಸುತ್ತ ಗಿಲಾವು ಮಾಡಿದ ಗೋಡೆ: ಇವೆಲ್ಲ ಬೇಸಿಗೆಯಲ್ಲಿ ತಂಪು ಕೊಡಬಹುದು, ಆದರೆ ದನಿಯನ್ನು ಹೀರಿಕೊಳ್ಳುವುದಿಲ್ಲ. ಸಾಮಾನುಗಳಿಲ್ಲದ ಇಂಥ ಕೋಣೆಯಲ್ಲಿ ಒಂದು ಸದ್ದು ಪೂರ್ತಿ ಅಡಗಲು ಒಂದು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ದ್ರುತದಲ್ಲಿ ಸೆಕೆಂಡಿಗೆ ಎಂಟು ಸ್ವರದ ತಾನು ಹೊಡೆದರೆ, ಮೊದಲಿನ ಸ್ವರ ಅಡಗುವುದರೊಳಗೆ ಉಳಿದ ಏಳೂ ಅದರ ಮೇಲೆ ಬಂದು ಬೀಳುತ್ತವೆ. ಹಾಡಿದವರ ತಾನು ದಾಣೆದಾಣೆಯಾಗಿದ್ದರೂ ಕೇಳುವವರಿಗೆ ಅದು ಕಲಸಿದ ಅನ್ನ.

ಕೋಣೆಯ ಗುಣ ತಿಳಿಯಲು ಸುಲಭವಾದ ಉಪಾಯವಿದೆ. ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿರಿ. ಚಪ್ಪಾಳೆಯ ಹಿಂದೆಯೇ ಝಣ್ಣೆಂಬ ಎಳೆಯೊಂದು ಕೇಳಿದರೆ ಆ ಕೋಣೆ ಮುದ್ರಣಕ್ಕೆ ಬಾರದು. ಅದಕ್ಕೆ ಔಷಧ ನಮ್ಮ ಅಜ್ಜಿಯರು ಹೊಲೆದಿಟ್ಟ ಕೌದಿ. ಹಳೆಯ ಸೀರೆ, ಧೋತರಗಳ ಪದರಗಳನ್ನು ಒತ್ತೊತ್ತಾಗಿ ಹೊಲೆದ ಕೌದಿಯಷ್ಟು ಚೆನ್ನಾಗಿ ದನಿಯನ್ನು ನುಂಗುವ ವಸ್ತು ಮನೆಯಲ್ಲಿ ಮತ್ತೊಂದಿಲ್ಲ. ನೆಲಕ್ಕೆ ಜಮಖಾನೆ ಹಾಸಿರಿ. ಹಾಡುವವರು ಯಾವ ಗೋಡೆಗೆ ಮುಖ ಮಾಡುವರೋ ಆ ಗೋಡೆಗೆ ಒಂದು ಕೌದಿ, ಅವರ ಬೆನ್ನ ಹಿಂದೆ ಇನ್ನೊಂದು ತೂಗುಹಾಕಿರಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ಹಗ್ಗದ ಮೇಲೆ ಇಳಿಬಿಟ್ಟರೆ ಫಲ ಹೆಚ್ಚು. ಮೂಲೆಯಲ್ಲಿ ಗಾದಿಯನ್ನು ನಿಲ್ಲಿಸಬಹುದು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟರೂ ಪ್ರಯೋಜನವಾಗುತ್ತದೆ. ಇನ್ನೊಮ್ಮೆ ಚಪ್ಪಾಳೆ ತಟ್ಟಿ ನೋಡಿರಿ, ವ್ಯತ್ಯಾಸ ನಿಮ್ಮ ಕಿವಿಗೇ ತಿಳಿಯುತ್ತದೆ. ಹಾಗೆಂದು ಇಡೀ ಕೋಣೆಯನ್ನು ಹಾಸಿಗೆಯಿಂದ ಮುಚ್ಚಬೇಡಿರಿ. ದನಿ ಸ್ವಲ್ಪವೂ ಹಿಂದಿರುಗದಿದ್ದರೆ ಹಾಡುವವರಿಗೆ ತಮ್ಮ ದನಿ ಕೇಳಿಸದೆ, ಅವರು ತಿಳಿಯದೆಯೇ ಕೂಗತೊಡಗುತ್ತಾರೆ.

ಎರಡನೆಯದು, ಹೊರಗಿನ ಸದ್ದು. ಇದರಲ್ಲಿ ಪಟ್ಟಣದ ಕಷ್ಟ ಬೇರೆ, ಊರಿನ ಕಷ್ಟ ಬೇರೆ. ಕಲಬುರಗಿಯ ಬಡಾವಣೆಯ ಮನೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೂಲರ್ ಇಲ್ಲದೆ ಕುಳಿತುಕೊಳ್ಳಲಾಗದು. ಕಾಲೇಜಿನ ಅರ್ಜಿಗಳ ಕಾಲವೂ ಬಹುಮಟ್ಟಿಗೆ ಅದೇ. ಕೂಲರ್ ಮತ್ತು ಫ್ಯಾನು ಎರಡು ಬಗೆಯಲ್ಲಿ ಕಾಡುತ್ತವೆ: ಒಂದು ಅವುಗಳ ಸದ್ದು, ಇನ್ನೊಂದು ಅವುಗಳ ಗಾಳಿ. ಗಾಳಿ ನೇರವಾಗಿ ಫೋನಿನ ರಂಧ್ರಕ್ಕೆ ಬಡಿದರೆ ಗುಡುಗಿನಂಥ ಶಬ್ದ ಮೂಡುತ್ತದೆ. ಫ್ರಿಜ್, ಇನ್ವರ್ಟರು, ಹಳೆಯ ಟ್ಯೂಬ್‌ಲೈಟಿನ ಚೋಕು ಇವೂ ಸುಮ್ಮನಿರುವುದಿಲ್ಲ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿಯುವುದರಿಂದ ಅದರಿಂದ ಏಳುವ ಗುಂಯ್‌ಗುಡುವಿಕೆ 50, 100ರ ಎಣಿಕೆಯಲ್ಲಿ ಒಂದು ಗೊತ್ತಾದ ಸ್ವರವಾಗಿಯೇ ನಿಂತುಬಿಡುತ್ತದೆ. ಅದು ಹಾಡುವವರ ಷಡ್ಜಕ್ಕೆ ಹೊಂದುವುದು ಅಪರೂಪ. ಹೊಂದದಿದ್ದರೆ ಕೇಳುವವರಿಗೆ ಕೊನೆಯವರೆಗೆ ಶ್ರುತಿಯೇ ಕೂಡಲಿಲ್ಲವೆನಿಸುತ್ತದೆ. ಆದ್ದರಿಂದ ಆ ಹತ್ತು ನಿಮಿಷ ಇವೆಲ್ಲಕ್ಕೂ ರಜೆ ಕೊಡಿರಿ. ಮುಗಿದ ಮೇಲೆ ಫ್ರಿಜ್ಜನ್ನು ಮತ್ತೆ ಹಚ್ಚುವುದನ್ನು ಮರೆಯಬೇಡಿರಿ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರು ದೂರದ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿ ಪಟ್ಟಣದ ಗದ್ದಲವಿಲ್ಲ, ಆದರೆ ಹೆದ್ದಾರಿ ಇದೆ. ಇಳಿಜಾರಿನಲ್ಲಿ ಲಾರಿ ಗೇರು ಬದಲಿಸುವ ಸದ್ದು ಎರಡು ಓಣಿ ದಾಟಿ ಬರುತ್ತದೆ. ತೋಟದ ಪಂಪಸೆಟ್ಟು ಕರೆಂಟು ಬಂದ ಕೂಡಲೇ ಶುರುವಾಗುತ್ತದೆ. ಗುಡಿಯ ಸುಪ್ರಭಾತ, ಮಸೀದಿಯ ಆಜಾನು, ಶಾಲೆಯ ಗಂಟೆ ಇವು ಎರಡೂ ಕಡೆಯಲ್ಲಿ ಉಂಟು. ಇವುಗಳ ಮೇಲೆ ಸಿಟ್ಟಾಗುವುದು ಸಲ್ಲದು. ಇವುಗಳ ವೇಳೆಯನ್ನು ತಿಳಿದುಕೊಂಡರಾಯಿತು. ಎರಡು ದಿನ ಒಂದು ಕಾಗದದ ಮೇಲೆ ಯಾವ ಗಂಟೆಗೆ ಯಾವ ಸದ್ದು ಎಂದು ಬರೆದಿಡಿರಿ. ಎಲ್ಲಕ್ಕೂ ನಡುವೆ ಅರ್ಧ ಗಂಟೆಯ ಶಾಂತಿ ಎಲ್ಲಿದೆಯೆಂಬುದು ತಾನಾಗಿ ಕಾಣುತ್ತದೆ. ಬಹುಮಟ್ಟಿಗೆ ಅದು ರಾತ್ರಿ ಹತ್ತರ ಮೇಲೆ, ಇಲ್ಲವೆ ನಸುಕಿನಲ್ಲಿ ದೊರೆಯುತ್ತದೆ. ಈ ಎರಡು ಹೊತ್ತಿಗೂ ನಮ್ಮ ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಬಡತನವಿಲ್ಲ: ನಸುಕಿಗೆ ಭೈರವ, ರಾತ್ರಿಗೆ ಬಾಗೇಶ್ರೀ, ಬಿಹಾಗ, ಮಾಲಕಂಸ. ರಾಗವೂ ಹೊತ್ತೂ ಕೂಡಿಬಂದರೆ ಹಾಡುವವರ ಮನಸ್ಸೂ ಕೂಡಿಬರುತ್ತದೆ. ಆದರೆ ನಸುಕಿನಲ್ಲಿ ಎದ್ದ ಕೂಡಲೇ ಕಂಠ ಬಿಚ್ಚಿಕೊಳ್ಳದು. ಮುದ್ರಣಕ್ಕೆ ಮುಂಚೆ ಅರ್ಧ ಗಂಟೆಯ ಖರಜದ ಸಾಧನೆ ಆಗಿರಬೇಕು. ವಾದ್ಯಗಳನ್ನೂ ಅಷ್ಟು ಹೊತ್ತು ಮುಂಚೆಯೇ ಆ ಕೋಣೆಯಲ್ಲಿಟ್ಟಿರಬೇಕು. ತಂಪಿನಿಂದ ಬಿಸಿಗೆ ಬಂದ ತಬಲಾ, ತಂತಿ ಎರಡೂ ನಡುವೆ ಶ್ರುತಿ ಬಿಡುತ್ತವೆ.

ಇನ್ನು ಯಂತ್ರದ ಮಾತು. ಫೋನನ್ನು ಯಾರ ಕೈಯಲ್ಲಿಯೂ ಕೊಡಬೇಡಿರಿ. ಕೈಯ ಅಲುಗಾಟವೆಲ್ಲ ಸದ್ದಾಗುತ್ತದೆ. ಸ್ಟೂಲಿನ ಮೇಲೆ ನಾಲ್ಕು ಮಡಿಕೆಯ ಟಾವೆಲ್ ಹಾಸಿ, ಅದರ ಮೇಲೆ ಪುಸ್ತಕಕ್ಕೆ ಆನಿಸಿ ನಿಲ್ಲಿಸಿರಿ. ಸಾಮಾನ್ಯವಾಗಿ ಮಾತನ್ನು ಹಿಡಿಯುವ ಸಣ್ಣ ರಂಧ್ರ ಫೋನಿನ ಕೆಳತುದಿಯಲ್ಲಿ, ಚಾರ್ಜಿನ ತಂತಿ ಸಿಕ್ಕಿಸುವಲ್ಲಿ ಇರುತ್ತದೆ. ಅದು ಹಾಡುವವರ ಕಡೆಗಿರಲಿ, ಮುಚ್ಚಿಹೋಗದಿರಲಿ. ಬಾಯಿಂದ ಅದಕ್ಕೆ ಎರಡು ಮೊಳದ ಅಂತರವಿರಲಿ. ತೀರ ಹತ್ತಿರವಾದರೆ ಉಸಿರಿನ ಪೆಟ್ಟು ಬೀಳುತ್ತದೆ, ತೀರ ದೂರವಾದರೆ ಕೋಣೆಯೇ ಹಾಡಿದಂತಾಗುತ್ತದೆ. ತಬಲಾವನ್ನು ಇನ್ನೂ ಎರಡು ಮೊಳ ಹಿಂದಕ್ಕೆ ಕೂಡಿಸಿರಿ. ಪೇಟಿಯವರು ಪ್ರತಿಯೊಂದು ಸ್ವರವನ್ನೂ ಹಿಂಬಾಲಿಸಿ ಗಟ್ಟಿಯಾಗಿ ನುಡಿಸಿದರೆ ಕಂಠದ ಗುಣ ಅದರಡಿ ಮುಚ್ಚಿಹೋಗುತ್ತದೆ. ಪರೀಕ್ಷಕರು ಕೇಳಬಯಸುವುದು ಕಂಠವನ್ನು. ಕರೆ ಬಂದು ಹಾಡು ನಡುವೆ ತುಂಡಾಗದಂತೆ ಫೋನನ್ನು ವಿಮಾನದಲ್ಲಿ ಇಡುವ ಸ್ಥಿತಿಗೆ ಹಾಕಿರಿ. ಬ್ಯಾಟರಿ ತುಂಬಿರಲಿ, ಚಾರ್ಜಿನ ತಂತಿ ಬೇಡ.

ಮುದ್ರಿಸುವಾಗ ದನಿಯ ಮಟ್ಟವನ್ನು ತೋರಿಸುವ ಗೆರೆಯೊಂದು ಏರಿಳಿಯುತ್ತಿರುತ್ತದೆ. ಮಂದ್ರದ ಆಲಾಪಕ್ಕೆ ಅದನ್ನು ಹೊಂದಿಸಿಟ್ಟರೆ ತಾರ ಷಡ್ಜಕ್ಕೆ ಹೋದಾಗ ಗೆರೆ ಕೆಂಪಿಗೆ ಬಡಿದು ದನಿ ಒಡೆಯುತ್ತದೆ. ಒಡೆದ ದನಿಗೆ ಆಮೇಲೆ ಮಾಡುವ ಮದ್ದಿಲ್ಲ. ಆದ್ದರಿಂದ ಚೀಜಿನಲ್ಲಿ ಎಲ್ಲಕ್ಕಿಂತ ಜೋರಾಗಿ ಬರುವ ಭಾಗವನ್ನು ಮೊದಲು ಹಾಡಿಸಿ, ಅದಕ್ಕೆ ಮಟ್ಟವನ್ನು ಗೊತ್ತುಮಾಡಿರಿ. ಮೆಲುದನಿ ಸ್ವಲ್ಪ ಸಣ್ಣದಾಗಿ ಮುದ್ರಿತವಾದರೆ ಚಿಂತೆಯಿಲ್ಲ, ಕೇಳುವವರು ಗುಂಡಿ ತಿರುಗಿಸಿ ದೊಡ್ಡದು ಮಾಡಿಕೊಳ್ಳುತ್ತಾರೆ.

ಇಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯನ್ನು ಹೇಳಬೇಕು. ಮೊಬೈಲ್ ಫೋನನ್ನು ಮಾಡಿದ್ದು ಮಾತಿಗಾಗಿ, ಸಂಗೀತಕ್ಕಲ್ಲ. ಮಾತನಾಡುವವನ ಹಿಂದೆ ಒಂದೇ ಸಮನೆ ಬರುವ ಸದ್ದನ್ನು, ಅಂದರೆ ಫ್ಯಾನು, ರೈಲು, ಮಳೆ ಮುಂತಾದವನ್ನು, ಗುರುತಿಸಿ ತೆಗೆದುಹಾಕುವ ಬುದ್ಧಿಯನ್ನು ಅದರೊಳಗೆ ಇಟ್ಟಿರುತ್ತಾರೆ. ದೂರದವರೊಡನೆ ಮುಖ ನೋಡಿ ಮಾತನಾಡುವ ಝೂಮ್‌ನಂಥ ಏರ್ಪಾಟುಗಳಲ್ಲಿ ಈ ಗುಣ ಇನ್ನೂ ಹೆಚ್ಚು. ಈಗ ಯೋಚಿಸಿರಿ: ನಮ್ಮ ಸಂಗೀತದಲ್ಲಿ ಒಂದೇ ಸಮನೆ ಬರುವ ನಾದ ಯಾವುದು? ತಂಬೂರಿ! ಯಂತ್ರಕ್ಕೆ ಫ್ಯಾನೂ ತಂಬೂರಿಯೂ ಒಂದೇ. ಅದು ತಂಬೂರಿಯನ್ನು ಗದ್ದಲವೆಂದು ತಿಳಿದು ಅಳಿಸಲು ತೊಡಗುತ್ತದೆ. ನೀಳವಾಗಿ ನಿಲ್ಲಿಸಿದ ಷಡ್ಜವನ್ನೂ ಕೆಲವೊಮ್ಮೆ ನಡುವೆ ಕತ್ತರಿಸುತ್ತದೆ. ಅಲ್ಲದೆ ಮೆಲುದನಿಯನ್ನು ತಾನೇ ಏರಿಸಿ, ದೊಡ್ಡ ದನಿಯನ್ನು ತಾನೇ ಇಳಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಇದರಿಂದ ಕಿರಾಣಾ ಘರಾಣೆಯವರು ಅಷ್ಟು ಕಷ್ಟಪಟ್ಟು ಸಾಧಿಸುವ ದನಿಯ ಏರಿಳಿತವೆಲ್ಲ ಮಾಯವಾಗುತ್ತದೆ. ಹಾಡಿದವರು ಶ್ರುತಿಯಲ್ಲಿಯೇ ಹಾಡಿರುತ್ತಾರೆ, ಆದರೆ ಪರೀಕ್ಷಕರಿಗೆ ಶ್ರುತಿಯೇ ಕೇಳಿಸುವುದಿಲ್ಲ.

ಇದಕ್ಕೆ ಪರಿಹಾರವುಂಟು. ಮುದ್ರಿಸುವ ಏರ್ಪಾಟಿನ ಆಯ್ಕೆಗಳಲ್ಲಿ ಸದ್ದು ಕಡಿಮೆ ಮಾಡುವುದು, ಮಟ್ಟವನ್ನು ತಾನಾಗಿ ಹೊಂದಿಸುವುದು ಎಂಬವು ಇದ್ದರೆ ಅವನ್ನು ಆರಿಸಿಬಿಡಿರಿ. ಪರೀಕ್ಷೆ ಝೂಮ್‌ನಲ್ಲಿಯೇ ನಡೆಯುವುದಿದ್ದರೆ ಅದರಲ್ಲಿ ಸಂಗೀತಗಾರರಿಗಾಗಿಯೇ ಮೂಲ ಧ್ವನಿ ಎಂಬ ಆಯ್ಕೆಯಿದೆ; ಅದನ್ನು ಹಚ್ಚಿರಿ. ತಂಬೂರಿಯನ್ನು ಇನ್ನೊಂದು ಫೋನಿನಿಂದ ನುಡಿಸುವುದಾದರೆ ಅದರ ಪುಟ್ಟ ಬಾಯಿಂದ ಕೆಳಗಿನ ಸ್ವರಗಳು ಹೊರಡುವುದಿಲ್ಲ. ಸಾಧಾರಣ ಗಾತ್ರದ ಸ್ಪೀಕರೊಂದಕ್ಕೆ ಜೋಡಿಸಿ, ಹಾಡುವವರ ಬೆನ್ನ ಬದಿಗೆ ಇಡಿರಿ. ಎಲ್ಲ ಆದ ಮೇಲೆ ಒಂದು ನಿಮಿಷ ಹಾಡಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿರಿ. ಹಾಡು ನಿಂತಲ್ಲಿ ತಂಬೂರಿ ನಿಲ್ಲದೆ ಕೇಳುತ್ತಿದೆಯೇ? ಕೇಳುತ್ತಿದ್ದರೆ ನಿಮ್ಮ ಯಂತ್ರ ಸರಿಯಾಗಿದೆ. ಈ ಒಂದು ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬಾರದು.

ಹತ್ತು ನಿಮಿಷದಲ್ಲಿ ಏನು ಹಾಡಬೇಕು? ಮೊದಲು ಸಂಸ್ಥೆಯವರ ಸೂಚನೆಯನ್ನು ಎರಡು ಸಾರಿ ಓದಿರಿ; ರಾಗದ ಹೆಸರು, ಅವಧಿ, ಪಕ್ಕವಾದ್ಯ ಇರಬೇಕೋ ಬೇಡವೋ ಎಲ್ಲ ಅಲ್ಲಿರುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ರಾಗ ತೋರಿಸುವುದೆಂತು ಎಂದು ಕೊರಗಬೇಕಿಲ್ಲ. ನಮ್ಮ ಹಿರಿಯರಿಗೆ ಹತ್ತು ನಿಮಿಷವೂ ದೊರೆತಿರಲಿಲ್ಲ. ಗ್ರಾಮಫೋನಿನ ಹತ್ತು ಅಂಗುಲದ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. 1930ರ ದಶಕದಲ್ಲಿ ಅಬ್ದುಲ್ ಕರೀಂ ಖಾನರು, ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು ಆ ಮೂರು ನಿಮಿಷದಲ್ಲಿಯೇ ರಾಗದ ಮುಖವನ್ನು ಕಾಣಿಸಿದರು. ಅವರ ಆ ತಟ್ಟೆಗಳನ್ನು ಕೇಳಿದರೆ ತಿಳಿಯುತ್ತದೆ: ಸುತ್ತುಬಳಸಿಲ್ಲ, ಮೊದಲ ಸ್ವರಸಮೂಹದಲ್ಲಿಯೇ ರಾಗ ನಿಂತಿರುತ್ತದೆ. ನಿಮ್ಮ ಮಗುವಿಗೂ ಅದೇ ಹಾದಿ. ಒಂದು ನಿಮಿಷ ಆಲಾಪ, ಐದು ನಿಮಿಷ ವಿಲಂಬಿತ, ಉಳಿದ ನಾಲ್ಕು ನಿಮಿಷ ದ್ರುತ ಎಂದು ಗಡಿಯಾರ ಮುಂದಿಟ್ಟುಕೊಂಡು ಸಾಧನೆ ಮಾಡಿಸಿರಿ. ಕಲಿತಿರುವ ಅತಿ ಕಠಿಣವಾದ ರಾಗಕ್ಕಿಂತ ಚೆನ್ನಾಗಿ ಒಲಿದಿರುವ ರಾಗವೇ ಮೇಲು. ಅಪರೂಪದ ರಾಗದಲ್ಲಿ ತಡವರಿಸುವವರಿಗಿಂತ ಯಮನವನ್ನು ನೆಟ್ಟಗೆ ಹಾಡುವವರ ಕಡೆಗೆ ಪರೀಕ್ಷಕರ ಒಲವು ಹೆಚ್ಚು.

ಕೆಲವು ಸಂಸ್ಥೆಗಳು ಚಿತ್ರಸಹಿತವಾದ ಮುದ್ರಣವನ್ನು ಕೇಳುತ್ತವೆ. ಹಾಡಿದವರು ಅರ್ಜಿ ಹಾಕಿದವರೇ ಎಂಬುದು ಖಾತರಿಯಾಗಲಿ ಎಂಬುದಷ್ಟೇ ಅದರ ಉದ್ದೇಶ. ಫೋನನ್ನು ಅಡ್ಡಲಾಗಿ ಇಟ್ಟು, ಮುಖ ಮತ್ತು ಕೈಗಳು ಕಾಣುವಂತೆ, ಬೆಳಕು ಮುಂದಿನಿಂದ ಬೀಳುವಂತೆ ಕೂಡಿಸಿದರೆ ಸಾಕು. ರೇಷ್ಮೆ ಸೀರೆಗೂ ಹೂವಿನ ಹಿನ್ನೆಲೆಗೂ ಅಂಕಗಳಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಮ್ಮೆ ಆರಂಭಿಸಿದರೆ ಕೊನೆಯವರೆಗೆ ಒಂದೇ ಓಟದಲ್ಲಿ ಹಾಡಬೇಕು. ಸೋಮವಾರದ ಆಲಾಪಕ್ಕೆ ಬುಧವಾರದ ತಾನನ್ನು ಹೊಲಿಯುವುದು ಈಗಿನ ಯಂತ್ರಗಳಿಗೆ ಸುಲಭ. ತಪ್ಪಿದ ಸ್ವರವನ್ನು ತಿದ್ದುವುದೂ ಸುಲಭ. 1997ರಲ್ಲಿ ಅಮೆರಿಕದ ಆ್ಯಂಟೇರಿಸ್ ಎಂಬ ಸಂಸ್ಥೆ ಆಟೋಟ್ಯೂನ್ ಎಂಬ ಸಾಧನವನ್ನು ಹೊರತಂದ ಮೇಲೆ ಇದು ಮನೆಮನೆಗೂ ಬಂದಿದೆ. ಸ್ವಲ್ಪ ತಿದ್ದಿದರೆ ತಪ್ಪೇನು ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಆ ಸಾಧನ ಪಿಯಾನೋದ ಮೆಟ್ಟಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಷಡ್ಜದಿಂದ ಪಂಚಮಕ್ಕೆ ಜಾರುವ ಮೀಂಡವನ್ನು ಅದು ಮೆಟ್ಟಿಲು ಹತ್ತಿದಂತೆ ತುಂಡರಿಸುತ್ತದೆ. ದರಬಾರಿಯ ಕೋಮಲ ಗಾಂಧಾರದ ಆಂದೋಲನವನ್ನು ನಡುಗುವ ತಪ್ಪೆಂದು ತಿಳಿದು ನೇರಮಾಡುತ್ತದೆ. ಅದು ತಿದ್ದುವುದು ತಪ್ಪನ್ನಲ್ಲ, ನಮ್ಮ ಸಂಗೀತವನ್ನೇ. ಪಳಗಿದ ಕಿವಿಗೆ ಇದು ಒಂದು ಆವರ್ತನದೊಳಗೆ ಗೊತ್ತಾಗುತ್ತದೆ. ಒಮ್ಮೆ ಸಂಶಯ ಬಂದರೆ ಉಳಿದ ಒಂಬತ್ತು ನಿಮಿಷವನ್ನೂ ಯಾರೂ ನಂಬುವುದಿಲ್ಲ.

ಅಲ್ಲದೆ ಕಾಲೇಜಿನವರು ಹುಡುಕುತ್ತಿರುವುದು ಮುಗಿದ ಗಾಯಕನನ್ನಲ್ಲ, ಕಲಿಸಿದರೆ ಬೆಳೆಯುವ ವಿದ್ಯಾರ್ಥಿಯನ್ನು. ನಡುವೆ ಒಂದು ತಾನು ಜಾರಿದರೂ ಸಮಕ್ಕೆ ಸರಿಯಾಗಿ ಬಂದು ಕುಳಿತದ್ದು, ಕೆಟ್ಟ ಸ್ವರವನ್ನು ತಾನೇ ಗುರುತಿಸಿ ಮರುಕ್ಷಣವೇ ಸರಿಪಡಿಸಿಕೊಂಡದ್ದು, ಇವು ಅವರ ಕಣ್ಣಿಗೆ ಗುಣಗಳೇ. ಹುಟ್ಟಿದ ದನಿಯನ್ನು ಕುರಿತು ನಾಚಿಕೆಯೂ ಬೇಡ. ಗಂಗೂಬಾಯಿಯವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದಪ್ಪಗಾಗಿ, ಕೇಳಿದವರಿಗೆ ಗಂಡಸಿನ ದನಿಯೆನಿಸುವಂತಾಯಿತು. ಅವರು ಅದನ್ನು ಮುಚ್ಚಲಿಲ್ಲ. ಆ ದನಿಯಲ್ಲಿಯೇ ಹಾಡಿ ನಾಡಿಗೆ ಹೆಸರು ತಂದರು. ಅದನ್ನು ಇಂದಿನ ಯಾವುದಾದರೂ ಯಂತ್ರಕ್ಕೆ ಒಪ್ಪಿಸಿ ಹೆಣ್ಣುದನಿಯಾಗಿ ಮೃದುಗೊಳಿಸಿದ್ದರೆ ನಮಗೆ ಉಳಿಯುತ್ತಿದ್ದುದು ಏನು?

ಒಂದೇ ಓಟದ ಮುದ್ರಣವೆಂದರೆ ಒಂದೇ ಸಾರಿ ಹಾಡಬೇಕೆಂದಲ್ಲ. ಒಂದು ಹೊತ್ತಿಗೆ ಮೂರು ಸಾರಿ, ಬೇಕಾದರೆ ಎರಡು ದಿನ ಹಾಡಿಸಿರಿ. ಅದಕ್ಕೂ ಹೆಚ್ಚಾದರೆ ಕಂಠ ದಣಿಯುತ್ತದೆ, ಉತ್ಸಾಹ ಇಳಿಯುತ್ತದೆ. ಆರಿಸುವ ಕೆಲಸ ಹಾಡಿದವರದೂ ಬೇಡ, ತಾಯಿತಂದೆಯರದೂ ಬೇಡ. ಹಾಡಿದವರಿಗೆ ತಮ್ಮ ತಪ್ಪೇ ಕಾಣುತ್ತದೆ, ತಾಯಿತಂದೆಯರಿಗೆ ತಪ್ಪೇ ಕಾಣುವುದಿಲ್ಲ. ಗುರುಗಳಿಗೆ ಕೇಳಿಸಿ, ಅವರು ಹೇಳಿದ್ದನ್ನು ಕಳುಹಿಸಿರಿ.

ಕಳುಹಿಸುವಾಗಲೂ ಎಚ್ಚರ ಬೇಕು. ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದ ಕೇಳುತ್ತದೆ. ಅದನ್ನು ಪೂರ್ತಿಯಾಗಿ ಹಿಡಿಯಲು ಯಂತ್ರ ಸೆಕೆಂಡಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಾರಿ, ಅಂದರೆ 44,100 ಸಾರಿ, ದನಿಯನ್ನು ಅಳೆದಿಡುತ್ತದೆ. ವೇವ್ ಎಂಬ ಬಗೆಯಲ್ಲಿ ಹೀಗೆ ಅಳೆದದ್ದೆಲ್ಲ ಉಳಿಯುತ್ತದೆ. ಆದ್ದರಿಂದ ಅದು ನಿಮಿಷಕ್ಕೆ ಸುಮಾರು 10 ಮೆಗಾಬೈಟು, ಹತ್ತು ನಿಮಿಷಕ್ಕೆ 100ರ ಮೇಲೆ ಜಾಗ ಹಿಡಿಯುತ್ತದೆ. ಎಂಪಿತ್ರೀ ಎಂಬ ಬಗೆಯಲ್ಲಿ ಕಿವಿಗೆ ಅಷ್ಟಾಗಿ ಕೇಳದ್ದನ್ನು ಕಳೆದು ಕುಗ್ಗಿಸುತ್ತಾರೆ. 320 ಎಂಬ ಮೇಲಿನ ಮಟ್ಟದಲ್ಲಿ ಕುಗ್ಗಿಸಿದರೆ ನಿಮಿಷಕ್ಕೆ ಎರಡೂವರೆ ಮೆಗಾಬೈಟಿನೊಳಗೆ ಮುಗಿಯುತ್ತದೆ, ನಷ್ಟವೂ ತೀರ ಕಡಿಮೆ. ಸಂಸ್ಥೆಯವರು ಯಾವುದನ್ನು ಕೇಳಿದ್ದಾರೋ ಅದನ್ನೇ ಕೊಡಿರಿ. ವಾಟ್ಸಪ್ಪಿನಲ್ಲಿ ಧ್ವನಿಸಂದೇಶವಾಗಿ ಹಾಡಿ ಕಳುಹಿಸುವುದು ಮಾತ್ರ ಕೂಡದು. ಅದು ಮಾತಿಗೆ ಸಾಕಾಗುವಷ್ಟಕ್ಕೆ ದನಿಯನ್ನು ಹಿಂಡಿಬಿಡುತ್ತದೆ. ಗುರುಗಳಿಗೆ ಅದರಲ್ಲಿಯೇ ಕಳುಹಿಸಬೇಕಾದರೆ ದಾಖಲೆಯ ರೂಪದಲ್ಲಿ ಕಳುಹಿಸಿರಿ, ಮೂಲ ಹಾಗೆಯೇ ತಲಪುತ್ತದೆ.

ಊರಿನಲ್ಲಿ ನೆಟ್‌ವರ್ಕ್ ನಿಧಾನವಾಗಿದ್ದು ಸೆಕೆಂಡಿಗೆ ಎರಡು ಮೆಗಾಬಿಟ್ಟಿನ ವೇಗ ದೊರೆತರೆ, ವೇವ್ ಬಗೆಯ ಹತ್ತು ನಿಮಿಷದ ಹಾಡು ಏರಲು ಏಳು ನಿಮಿಷ ಬೇಕು. ನಡುವೆ ಕಡಿದರೆ ಮತ್ತೆ ಮೊದಲಿನಿಂದ. ಕೊನೆಯ ದಿನದ ಸಂಜೆ ಎಲ್ಲರೂ ಒಮ್ಮೆಗೇ ಮುಗಿಬೀಳುತ್ತಾರಾದ್ದರಿಂದ ಎರಡು ದಿನ ಮುಂಚೆಯೇ ಕೆಲಸ ಮುಗಿಸಿರಿ. ಕಮಲಾಪುರದಲ್ಲಿ ಆಗದಿದ್ದರೆ ಕಲಬುರಗಿಗೆ ಬರುವ ಬಸ್ಸಿದೆ. ಬೆಂಗಳೂರಿಗೆ ಹೋಗುವುದಕ್ಕಿಂತ ಅದು ಹತ್ತಿರವೇ. ಮೂಲ ಮುದ್ರಣದ ಒಂದು ಪ್ರತಿಯನ್ನು ಮನೆಯಲ್ಲಿ ಬೇರೆಯಾಗಿ ಉಳಿಸಿಕೊಳ್ಳಿರಿ.

ಹೆಸರಿನ ವಿಷಯವನ್ನೂ ಮರೆಯಬಾರದು. 1902ರಲ್ಲಿ ಕಲಕತ್ತೆಯಲ್ಲಿ ಗೋಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದಾಗ, ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಅದೊಂದೇ ಗುರುತು. ಇಂದಿಗೂ ಆ ಕ್ರಮ ಸರಿಯೇ. ಆರಂಭದಲ್ಲಿ ಹೆಸರು, ರಾಗ, ತಾಳ ಇಷ್ಟನ್ನು ಸ್ಪಷ್ಟವಾಗಿ ಹೇಳಿ, ಎರಡು ಸೆಕೆಂಡು ತಂಬೂರಿ ಕೇಳಿಸಿ, ಆಮೇಲೆ ಹಾಡಲಿ. ಕೆಲವರು ಹೆಸರನ್ನು ಹೇಳಬಾರದು, ಅರ್ಜಿಯ ಸಂಖ್ಯೆ ಮಾತ್ರ ಸಾಕು ಎನ್ನುತ್ತಾರೆ. ಅಂಥಲ್ಲಿ ಹೆಸರು ಹೇಳಿದ ಮುದ್ರಣವನ್ನು ತಳ್ಳಿಹಾಕಲೂಬಹುದು. ಹೆಸರಿಲ್ಲದೆ ಕೇಳಿಸಿಕೊಳ್ಳುವುದರಿಂದ ನಿಮ್ಮ ಮಗುವಿಗೆ ಲಾಭವೇ ಹೊರತು ನಷ್ಟವಿಲ್ಲ. ಯಾವ ಊರು, ಯಾರ ಮಗಳು, ಯಾವ ದೊಡ್ಡ ಉಸ್ತಾದರ ಶಿಷ್ಯೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ ನೀವು ಮಾಡಬೇಕಾದದ್ದು ಇಷ್ಟು: ಕೋಣೆಯ ಗೋಡೆಗೆ ಕೌದಿ, ಸುತ್ತಲಿನ ಸದ್ದಿಗೆ ವೇಳೆ, ಯಂತ್ರದ ಅತಿಬುದ್ಧಿಗೆ ಕಡಿವಾಣ. ಉಳಿದದ್ದು ಹಾಡುವವರ ಪಾಲಿನದು. ಈ ವರ್ಷ ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಅಂಥ ಮಗುವಿದ್ದರೆ, ಆ ಅರ್ಧ ಗಂಟೆ ಟಿವಿ ಆರಿಸಿ, ಮಿಕ್ಸರ್ ನಿಲ್ಲಿಸಿ, ಬಾಗಿಲು ಸಪ್ಪಳವಾಗದಂತೆ ಮುಚ್ಚಿರಿ. ಅದೂ ವಿದ್ಯಾದಾನದಲ್ಲಿ ಒಂದು ಪಾಲು.